ಉಬ್ಬಸಕ್ಕೆ ತಾರೆಕಾಯಿ ಸಾರ: ರೋಗಿಗಳ ಮೇಲೆ ಪರೀಕ್ಷೆ ಈಗಲೇ ಬೇಕೆ?

ಪರ

ತೀರ್ಥಹಳ್ಳಿ, ಹೊಸನಗರದ ಕಡೆ ಕೆಮ್ಮು-ಉಬ್ಬಸಕ್ಕೆ ತಾರೆಕಾಯಿ (ತ್ರಿಫಲದ ಮೂರು ಕಾಯಿಗಳಲ್ಲಿ ಒಂದು) ಪುಡಿಯನ್ನು ಜೇನುತುಪ್ಪದಲ್ಲಿ ಕಲಸಿ ನೆಕ್ಕುವುದು ಹಳೆಯ ರೂಢಿ. ಜನ ಹೇಗೂ ತಿನ್ನುತ್ತಿರುವುದನ್ನು ಅಳೆದು ನೋಡದೆ ಬಿಡುವುದೇ ಹೆಚ್ಚು ಅಪಾಯ. ಗಿನಿಪಿಗ್‌ನ ಶ್ವಾಸನಾಳದ ತುಂಡಿನಲ್ಲಿ ಈ ಸಾರ ಬಿಗಿದ ಸ್ನಾಯುವನ್ನು ಸಡಿಲಿಸಿದ್ದು ಕಂಡಿದೆ. ಸ್ನಾಯು ಬಿಗಿಯಲು ಬೇಕಾದ ಕ್ಯಾಲ್ಸಿಯಂ ಜೀವಕೋಶದೊಳಗೆ ನುಗ್ಗುವುದನ್ನು ತಡೆಯುವುದು ಅದರ ಒಂದು ಬಗೆ. ಕಾಯಿಯಿಂದ ಉಬ್ಬಸದ ಮದ್ದು ಹುಟ್ಟಿದ್ದೂ ಉಂಟು. ಅಮ್ಮಿ ವಿಸ್ನಾಗ ಗಿಡದ ಕಾಯಿಯಲ್ಲಿರುವ ಕೆಲ್ಲಿನ್ ಎಂಬ ವಸ್ತುವಿನ ಜಾಡು ಹಿಡಿದ ವೈದ್ಯ ರೋಜರ್ ಆಲ್ಟೂನ್ಯನ್, ತಮ್ಮದೇ ಉಬ್ಬಸ ಕೆರಳಿಸಿಕೊಂಡು ಪರೀಕ್ಷಿಸುತ್ತ 1965ರಲ್ಲಿ ಉಬ್ಬಸ ತಡೆಯುವ ಮದ್ದಾದ ಕ್ರೋಮೋಗ್ಲೈಕೇಟ್‌ ತಲುಪಿದರು.

ಪರೀಕ್ಷೆ ಹೇಗೆ? ಶ್ವಾಸನಾಳದ ಉರಿಯೂತ ತಗ್ಗಿಸುವ ಬುಡೆಸೊನೈಡ್ ಇನ್‌ಹೇಲರ್ ಒಂದು ದಿನವೂ ನಿಲ್ಲಬಾರದು. ಅದರ ಜೊತೆಗೆ ಅರ್ಧ ಜನಕ್ಕೆ ಸಾರ, ಉಳಿದವರಿಗೆ ಔಷಧಿಯಿಲ್ಲದ ಕ್ಯಾಪ್ಸೂಲ್. ಕಷಾಯ ಬೇಡ, ಒಗರು ನಾಲಿಗೆಗೆ ಹತ್ತಿದ ಕೂಡಲೇ ಯಾರಿಗೆ ಸಾರ ಸಿಕ್ಕಿತೆಂಬ ಗುಟ್ಟು ಬಯಲಾಗುತ್ತದೆ. ಎರಡೂ ಗುಂಪು ಒಂದೇ ತಿಂಗಳು ಶುರುವಾಗಲಿ. ಬೇಸಿಗೆಯವರನ್ನು ಆಷಾಢದವರ ಜೊತೆ ಹೋಲಿಸಿದರೆ ಅಳತೆಗೆ ಸಿಗುವುದು ಮಳೆ, ಮದ್ದಲ್ಲ. ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಎಂದು ಅಳೆಯುವ ಪೀಕ್ ಫ್ಲೋ ಮೀಟರನ್ನು ಬೆಳಿಗ್ಗೆ, ಸಂಜೆ ಮೂರು ಮೂರು ಸಲ ಊದಿ, ದೊಡ್ಡ ಅಂಕಿಯನ್ನು ಬರೆಯಬೇಕು. ಅಡಿಕೆ ಜಗಿಯುವವರನ್ನು ಬೇರೆಯಾಗಿ ಗುರುತಿಸಬೇಕು. ಅಡಿಕೆಯ ಅರೆಕೋಲಿನ್ ಶ್ವಾಸನಾಳವನ್ನು ಬಿಗಿಯಬಲ್ಲದು. ಶಿವಮೊಗ್ಗ ಜಿಲ್ಲೆಯಲ್ಲಿ ಇದನ್ನು ಮರೆತರೆ ಲೆಕ್ಕವೇ ಕೆಡುತ್ತದೆ.

ವಿರೋಧ

ಪರೀಕ್ಷಿಸುವುದು ಯಾವ ಸಾರವನ್ನು? ನೀರಿನಲ್ಲಿ ಕುದಿಸಿದ್ದೂ ಆಲ್ಕೋಹಾಲಿನಲ್ಲಿ ನೆನೆಸಿದ್ದೂ ಒಂದೇ ಅಲ್ಲ. ಶ್ವಾಸನಾಳದ ತುಂಡಿಗೆ ಸಾರ ನೇರವಾಗಿ ತಗಲುತ್ತದೆ. ನುಂಗಿದ ಸಾರದಲ್ಲಿನ, ಒಗರು ಕೊಡುವ ಟ್ಯಾನಿನ್‌ಗಳನ್ನು ಕರುಳು ಹೀರಿಕೊಳ್ಳುವುದು ತೀರ ಕಡಿಮೆ. ಮೇಲಾಗಿ, ಕ್ಯಾಲ್ಸಿಯಂ ತಡೆಯುವ ವಸ್ತು ರಕ್ತದೊತ್ತಡವನ್ನೂ ಇಳಿಸಬಹುದು.

ಕಾಯಿಯ ಗತಿಯನ್ನೂ ನೋಡಿ. ತಾರೆ ಬಲಿಯುವುದು ಚಳಿಗಾಲದಲ್ಲಿ. ನೆಲಕ್ಕೆ ಬಿದ್ದು ಇಬ್ಬನಿಯಲ್ಲಿ ನೆನೆದದ್ದನ್ನು ಆರಿಸಿ ತಂದರೆ ಬೂಷ್ಟು ಬರುತ್ತದೆ, ಬೂಷ್ಟಿನ ವಿಷವಾದ ಅಫ್ಲಟಾಕ್ಸಿನ್ ಭಯ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಿಷ ಹತ್ತುತ್ತದೆ. ಬೇಕಾದದ್ದು ಕಾಯಿಯ ಹೊರಸಿಪ್ಪೆ ಮಾತ್ರ. ಇಡೀ ಕಾಯಿಯನ್ನು ಜಜ್ಜಿದರೆ ಅಮಲು ತರುವ ಬೀಜದ ತಿರುಳೂ ಸೇರಿಬಿಡುತ್ತದೆ. ಪ್ರತಿ ಬ್ಯಾಚಿನಲ್ಲೂ ಕಾಯಿಯ ಒಂದು ಘಟಕವಾದ ಗ್ಯಾಲಿಕ್ ಆಮ್ಲ ಅಳೆಯಬೇಕು, ಸೀಸ 10 ಪಿಪಿಎಂ (ಹತ್ತು ಲಕ್ಷದಲ್ಲಿ 10 ಭಾಗ), ಆರ್ಸೆನಿಕ್ 3 ಪಿಪಿಎಂ ದಾಟಬಾರದು. ಸಸ್ಯಜನ್ಯ ಔಷಧಿಗಳ 2015ರ ನಿಯಮದಂತೆ ಕನಿಷ್ಠ ನಾಲ್ಕು ಘಟಕಗಳನ್ನಾದರೂ ಗುರುತಿಸಿ ಅಳೆದಿರಬೇಕು. ಇಷ್ಟಾಗದೆ ಬಂದ ಫಲಿತಾಂಶ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮುಂದಿನ ಬ್ಯಾಚಿಗೆ ಅನ್ವಯಿಸುವುದಿಲ್ಲ.

ನನ್ನ ದೊಡ್ಡ ಆತಂಕ ಇನ್‌ಹೇಲರಿನದು. ನಿಲ್ಲಬಾರದು ಎಂದು ಕಾಗದದಲ್ಲಿ ಬರೆಯುವುದು ಸುಲಭ. ಕೈಗೆ ಕ್ಯಾಪ್ಸೂಲ್ ಬಂದ ಮೇಲೆ "ಇಂಗ್ಲಿಷ್ ಮದ್ದು ಇನ್ನು ಬೇಡ" ಎಂದು ಇನ್‌ಹೇಲರನ್ನೇ ಬಿಡುವವರಿದ್ದಾರೆ. ಬಿಟ್ಟ ಮರುದಿನ ಏನೂ ಆಗುವುದಿಲ್ಲ, ಅದೇ ಮೋಸ. ಉರಿಯೂತ ವಾರಗಟ್ಟಲೆ ಒಳಗೊಳಗೇ ಏರುತ್ತದೆ. ಆಗುಂಬೆ ಸೀಮೆಯ ಒಂಟಿಮನೆಯಲ್ಲಿ, ಸುರಿಯುವ ಮಳೆಯಲ್ಲಿ, ನಡುರಾತ್ರಿ ದಮ್ಮು ಕಟ್ಟಿದರೆ ಆಕ್ಸಿಜನ್ ಇರುವ ಆಸ್ಪತ್ರೆ ಮುಟ್ಟುವುದು ಹೇಗೆ?

ಮೊದಲು ಆರೋಗ್ಯವಂತ ಸ್ವಯಂಸೇವಕರಿಗೆ ಸಣ್ಣ ಪ್ರಮಾಣದಲ್ಲಿ ಕೊಟ್ಟು ರಕ್ತಕ್ಕೆ ಏನು ಸೇರುತ್ತದೆ, ಯಕೃತ್ತು, ರಕ್ತದೊತ್ತಡ ಹೇಗಿವೆ ಎಂದು ನೋಡಲಿ. ಅಷ್ಟರಲ್ಲಿ ಉಬ್ಬಸದವರಿಗೆ ಇನ್‌ಹೇಲರಿಗೆ ಸ್ಪೇಸರ್ (ಮದ್ದು ಹಿಡಿದಿಡುವ ಕೊಳವೆ) ಹಚ್ಚಿ ನಿಧಾನವಾಗಿ ಎಳೆಯುವುದನ್ನು, ಹತ್ತು ಎಣಿಸುವವರೆಗೆ ಉಸಿರು ಹಿಡಿಯುವುದನ್ನು, ಬಳಿಕ ಬಾಯಿ ಮುಕ್ಕಳಿಸುವುದನ್ನು ಕಲಿಸೋಣ.