ಡಿಕ್ಕಿಗೊಂದು ಡಿಕ್ಕಿ

ಕಾರಿನ ಮಾತು ಬಂದಾಗಲೆಲ್ಲ "ತಗೊಂಡರೆ ಹೊಸದೇ" ಅಂತ ಮನೆಯಲ್ಲಿ ದೊಡ್ಡದಾಗಿ ಹೇಳುತ್ತಿದ್ದವನು ನಾನು. ಶೋರೂಮಿನವರು ಕೊಟ್ಟ ಹಾಳೆಯನ್ನೂ ಬ್ಯಾಂಕಿನ ಖಾತೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದ ರಾತ್ರಿಯಿಂದ ನನ್ನ ಸಿದ್ಧಾಂತ ಬದಲಾಯಿತು. ಹೊಸ ಕಾರು ಶೋರೂಮಿನ ಬಾಗಿಲು ದಾಟಿದ ತಕ್ಷಣ ಹಳೆಯದಾಗುತ್ತದೆ, ಹಾಗಾಗಿ ಮೊದಲೇ ಹಳೆಯದಾಗಿರುವುದನ್ನು ಕೊಳ್ಳುವುದೇ ಜಾಣತನ ಅಂತ ಎಲ್ಲರಿಗೂ ಹೇಳತೊಡಗಿದೆ. ನನ್ನ ಹೆಂಡತಿ ಏನೂ ಅನ್ನಲಿಲ್ಲ. ಪಾಸ್‌ಬುಕ್ ಅವಳೂ ನೋಡಿದ್ದಳು.

ಒಂದು ಬೆಳ್ಳಿ ಬಣ್ಣದ ಕಾರು ಸಿಕ್ಕಿತು. ಒಬ್ಬರೇ ಓನರ್. ವಯಸ್ಸಾದವರು, ಮೆಲುಮಾತಿನವರು. "ಮಗೂ ಥರ ನೋಡ್ಕೊಂಡಿದ್ದೀನಿ ಸಾರ್" ಅಂದರು. ಮಕ್ಕಳನ್ನು ಸಾಕಿದ ಯಾರಿಗಾದರೂ ಈ ಮಾತು ಕೇಳಿದಾಗ ಸ್ವಲ್ಪ ಭಯ ಆಗಬೇಕು. ನನಗೆ ಆಗಲಿಲ್ಲ. ನನ್ನ ಭಾವಮೈದನಿಗೆ ಆಯಿತು. "ಭಾವ, ಹಿಸ್ಟರಿ ರಿಪೋರ್ಟ್ ತೆಗೆಸದೆ ಅಡ್ವಾನ್ಸ್ ಕೊಟ್ಟೀರಾ, ಹುಷಾರು!" ಅಂದ. ಅವನು ಕಾರುಗಳ ವೀಡಿಯೊ ಬಹಳ ನೋಡುತ್ತಾನೆ. ಅವನ ಸ್ವಂತದ್ದು ಸ್ಕೂಟರ್.

ರಿಪೋರ್ಟಿಗೆ ಕಾರಿನ ಚಾಸಿಸ್ ನಂಬರ್ ಬೇಕು. ಹದಿನೇಳು ಅಕ್ಷರ, ಅಂಕಿ ಎಲ್ಲ ಕಲಸಿದ್ದು. ಓನರ್ ಫೋನಿನಲ್ಲಿ ನಿಧಾನವಾಗಿ ಹೇಳಿದರು, ನಾನು ಬರೆದುಕೊಂಡೆ, ಕಂಪ್ಯೂಟರ್ ತಪ್ಪು ಅಂದಿತು. ಮೂರು ಸಲ. ಕದ್ದ ಕಾರೇ ಇರಬೇಕು ಅಂತ ಭಾವಮೈದ ತೀರ್ಮಾನಕ್ಕೆ ಬಂದಿದ್ದ. ಆಮೇಲೆ ಗೊತ್ತಾಯಿತು, ಆ ಹದಿನೇಳರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಬರುವುದೇ ಇಲ್ಲವಂತೆ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತ ತೆಗೆದುಹಾಕಿದ್ದಾರೆ. ಅಂದರೆ ನನ್ನಂಥವರು ಇರುತ್ತಾರೆ ಅಂತ ಊಹಿಸಿಯೇ ನಿಯಮ ಮಾಡಿದ್ದಾರೆ. ಆದರೂ ನಾನು ಸೊನ್ನೆಯನ್ನು ಓ ಅಂತಲೇ ಬರೆದಿದ್ದೆ.

ರಿಪೋರ್ಟ್ ಬಂತು. ಓನರ್ ಒಬ್ಬರೇ, ಓಡಿದ ಕಿಲೋಮೀಟರ್ ಸರಿ, ಸರ್ವಿಸ್ ಸರಿ. ಕೊನೆಯಲ್ಲಿ ಒಂದು ಸಾಲು: ಅಪಘಾತ ಒಂದು, ಹಿಂಭಾಗ ಎಡಗಡೆ, ಮೈನರ್.

ಅದನ್ನು ಗಟ್ಟಿಯಾಗಿ ಓದಿದ್ದು ತಪ್ಪಾಯಿತು. ಒಳಗಿನಿಂದ ಅಮ್ಮ, "ಮೈನರ್ ಹುಡುಗನ ಕೈಗೆ ಕಾರು ಕೊಟ್ಟೋರು ಯಾರೋ?" ಅಂದರು. "ಹುಡುಗ ಅಲ್ಲಮ್ಮ, ಪೆಟ್ಟು ಮೈನರ್. ಡಿಕ್ಕಿ ಹತ್ರ" ಅಂದೆ. "ಡಿಕ್ಕಿ ಆದ್ಮೇಲೇ ಅಲ್ವಾ ಪೆಟ್ಟಾಗೋದು, ಅದರ ಹತ್ರ ಅಂದ್ರೇನು?" ಅಂದರು. "ಆ ಡಿಕ್ಕಿ ಅಲ್ಲ, ಸಾಮಾನು ಇಡೋ ಡಿಕ್ಕಿ. ಡಿಕ್ಕಿಗೆ ಯಾರೋ ಡಿಕ್ಕಿ ಹೊಡೆದಿದ್ದಾರೆ." ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೇರೆ ಬಣ್ಣದ್ದು ಸಿಗಲ್ವಾ?" ಅಂದರು.

ಓನರಿಗೆ ಫೋನ್ ಮಾಡಿದೆ. "ಅಯ್ಯೋ, ಅದಾ? ಅದು ಆಕ್ಸಿಡೆಂಟ್ ಅಲ್ಲ ಸಾರ್. ಸುಮ್ನೆ ತಾಗಿದ್ದು" ಅಂದರು.

ಈ 'ತಾಗಿದ್ದು' ಅನ್ನುವ ಪದ ಯಾರು ಕಂಡುಹಿಡಿದರೋ, ಅವರ ಕಾರಿಗೂ ಏನೋ ಆಗಿರಲೇಬೇಕು. ನಮ್ಮ ಭಾಷೆಯಲ್ಲಿ ಕಾರುಗಳ ವ್ಯಾಕರಣವೇ ಬೇರೆ. ಎದುರಿನವನು ಗುದ್ದುತ್ತಾನೆ, ಹೊಡೆಯುತ್ತಾನೆ, ನುಗ್ಗಿಸುತ್ತಾನೆ. ನಮ್ಮದು ಮಾತ್ರ ತಾಗುತ್ತದೆ, ಸವರುತ್ತದೆ, ಉಜ್ಜಿಕೊಳ್ಳುತ್ತದೆ. ಕರ್ತೃ ಇಲ್ಲದ ವಾಕ್ಯಗಳನ್ನು ಕಲಿಯಬೇಕಾದವರು ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗಬೇಕು.

ಭಾನುವಾರ ತಪಾಸಣೆಗೆ ಹೋದೆವು. ನಾನು ಫ್ರಿಜ್ ಬಾಗಿಲಿನ ಆಯಸ್ಕಾಂತ ಕಿತ್ತುಕೊಂಡು ಹೋಗಿದ್ದೆ, ಚಿಟ್ಟೆಯ ಆಕಾರದ್ದು. ತಗಡಿಗೆ ಆಯಸ್ಕಾಂತ ಅಂಟುತ್ತದೆ, ದಪ್ಪಗೆ ಪುಟ್ಟಿ ಮೆತ್ತಿದ್ದರೆ ಜಾರಿ ಬೀಳುತ್ತದೆ. ಇದು ಹಳೆಯ ಉಪಾಯ. ಪೆಟ್ಟು ಬಿದ್ದದ್ದು ಹಿಂದೆ ತಾನೇ ಅಂತ ಸೀದಾ ಹಿಂದಿನ ಬಂಪರಿಗೆ ಹಿಡಿದೆ. ಚಿಟ್ಟೆ ಕೆಳಗೆ ಬಿತ್ತು. ಎಡಕ್ಕೆ ಹಿಡಿದೆ, ಬಿತ್ತು. ಬಲಕ್ಕೆ ಹಿಡಿದೆ, ಬಿತ್ತು. "ಪೂರ್ತಿ ಬಂಪರೇ ಪುಟ್ಟಿಯಲ್ಲಿ ಮಾಡಿದ್ದಾರೆ!" ಅಂತ ಪಿಸುಗುಟ್ಟಿದೆ. ನಾವು ಕರೆದುಕೊಂಡು ಹೋಗಿದ್ದ ಮೆಕ್ಯಾನಿಕ್ ನನ್ನನ್ನು ಕರುಣೆಯಿಂದ ನೋಡಿ, "ಸಾರ್, ಬಂಪರ್ ಪ್ಲಾಸ್ಟಿಕ್" ಅಂದ. ಅಲ್ಲಿಂದ ಮುಂದೆ ಚಿಟ್ಟೆ ನನ್ನ ಜೇಬಿನಲ್ಲೇ ಇತ್ತು.

ಮೆಕ್ಯಾನಿಕ್ ಬಳಿ ಬಣ್ಣದ ದಪ್ಪ ಅಳೆಯುವ ಪುಟ್ಟ ಯಂತ್ರ ಇತ್ತು. ಅದು ಮೈಕ್ರಾನ್ ಲೆಕ್ಕದಲ್ಲಿ ಹೇಳುತ್ತದೆ. ನಮ್ಮ ತಲೆಯ ಒಂದು ಕೂದಲು ಸುಮಾರು 70 ಮೈಕ್ರಾನ್ ಅಂತ ಇಟ್ಟುಕೊಳ್ಳಿ, ಕಂಪನಿಯಿಂದ ಬಂದ ಬಣ್ಣ ಸಾಮಾನ್ಯವಾಗಿ 100ರಿಂದ 150. ಅವನು ಒಂದೊಂದು ಬಾಗಿಲಿಗೂ ಡಾಕ್ಟರ್ ಸ್ಟೆತಸ್ಕೋಪ್ ಇಟ್ಟ ಹಾಗೆ ಇಡುತ್ತಾ ಹೋದ. 115. 120. 118. ಹಿಂದಿನ ಎಡಭಾಗಕ್ಕೆ ಬಂದಾಗ 260. ನಾನು ಉಸಿರು ಬಿಗಿಹಿಡಿದೆ. "ಎರಡನೇ ಸಲ ಬಣ್ಣ ಹೊಡೆದಿದ್ದಾರೆ, ಅಷ್ಟೆ. ಪುಟ್ಟಿ ಇಲ್ಲ" ಅಂದ. ಡಿಕ್ಕಿ ತೆಗೆದು ಕಾರ್ಪೆಟ್ ಎತ್ತಿ ಸ್ಟೆಪ್ನಿ ಹೊರಗಿಟ್ಟು ಕೆಳಗಿನ ತಗಡು ನೋಡಿದ. ಹಿಂದೆ ಜೋರಾಗಿ ಬಿದ್ದಿದ್ದರೆ ಅಲ್ಲಿ ಸುಕ್ಕು ಬಂದಿರುತ್ತದಂತೆ. ತಟ್ಟೆಯಂತೆ ನೀಟಾಗಿತ್ತು. ಸ್ಟೆಪ್ನಿ ಒಮ್ಮೆಯೂ ರಸ್ತೆ ಕಂಡಿರಲಿಲ್ಲ, ಹೊಸ ಟೈರಿನ ಮೇಲಿರುತ್ತದಲ್ಲ ರಬ್ಬರಿನ ಸಣ್ಣ ಮುಳ್ಳು, ಅವೆಲ್ಲ ಹಾಗೇ ಇದ್ದವು. ಅದರ ಕೆಳಗೆ ಒಂದು ಕೂದಲಿನ ಕ್ಲಿಪ್ಪು ಸಿಕ್ಕಿತು. ಓನರ್ ಅದನ್ನು ನೋಡಿ, "ಓ, ಇಲ್ಲಿತ್ತಾ!" ಅಂತ ಖುಷಿಯಿಂದ ಜೇಬಿಗೆ ಹಾಕಿಕೊಂಡರು.

ಭಾವಮೈದ ಟೈರುಗಳ ಪಕ್ಕ ಕೂತು ನಾಲ್ಕಂಕಿ ನಂಬರ್ ಓದುತ್ತಿದ್ದ. 3418 ಅಂದರೆ 2018ರ 34ನೇ ವಾರದಲ್ಲಿ ತಯಾರಾದದ್ದು. ಇದು ಅವನಿಗೆ ನಿಜಕ್ಕೂ ಗೊತ್ತಿತ್ತು. ಅವನು ಹೇಳಿದ್ದರಲ್ಲಿ ಸರಿಯಾದ ಒಂದೇ ವಿಷಯ ಅದು, ಆದರೂ ಹೇಳಬೇಕು.

ಏರ್‌ಬ್ಯಾಗಿನ ದೀಪವನ್ನೂ ನೋಡಿದೆವು. ಕೀ ತಿರುಗಿಸಿದಾಗ ಅದು ಒಂದೆರಡು ಕ್ಷಣ ಉರಿದು ಆರಬೇಕು. ಆರದೇ ಇದ್ದರೆ ಏನೋ ಕೆಟ್ಟಿದೆ. ಉರಿಯದೇ ಇದ್ದರೆ ಕೆಟ್ಟದ್ದನ್ನು ಯಾರೋ ಮುಚ್ಚಿಟ್ಟಿರಬಹುದು. ಇದು ಉರಿದು ಆರಿತು. ಓಡಿಸಿ ನೋಡುವಾಗ ಸ್ಟಿಯರಿಂಗ್ ಕೈಬಿಟ್ಟೆ, ಕಾರು ಮೆಲ್ಲಗೆ ಒಂದು ಬದಿಗೆ ವಾಲಿತು. "ಚಾಸಿಸ್ ಬೆಂಡ್!" ಅಂತ ನಾನೂ ಭಾವಮೈದನೂ ಒಟ್ಟಿಗೆ ಕೂಗಿದೆವು. ಮೆಕ್ಯಾನಿಕ್ ಇಳಿದು, ಆ ಕಡೆಯ ಟೈರಿಗೆ ಗಾಳಿ ಹಾಕಿಸಿಕೊಂಡು ಬಂದ. ಆಮೇಲೆ ವಾಲಲಿಲ್ಲ.

ಎಲ್ಲ ಮುಗಿಯಿತು ಅನ್ನುವಾಗ ಅವನು ಯಂತ್ರವನ್ನು ಮುಂದಿನ ಬಲಗಡೆ ಫೆಂಡರಿಗೆ, ಅಂದರೆ ಚಕ್ರದ ಮೇಲಿನ ತಗಡಿಗೆ ಇಟ್ಟ, ಬರೀ ಅಭ್ಯಾಸಬಲದಿಂದ. 940.

ಮತ್ತೆ ಇಟ್ಟ. 955.

ಬಾನೆಟ್ ಎತ್ತಿ ತೋರಿಸಿದ. ಎಡಗಡೆ ಫೆಂಡರಿನ ಬೋಲ್ಟುಗಳ ಮೇಲೆ ಬಣ್ಣ ಹಾಗೇ ಇತ್ತು. ಬಲಗಡೆಯವುಗಳ ತಲೆ ಮೇಲೆ ಸ್ಪ್ಯಾನರಿನ ಗುರುತು. ಬಲಗಡೆಯ ಹೆಡ್‌ಲೈಟ್ ಹೊಳೆಯುತ್ತಿತ್ತು, ಎಡಗಡೆಯದಕ್ಕೆ ವಯಸ್ಸಾಗಿತ್ತು. ರಿಪೋರ್ಟಿನಲ್ಲಿ ಈ ಬಗ್ಗೆ ಒಂದಕ್ಷರ ಇಲ್ಲ. ನಾವು ಮೂವರೂ ತಿರುಗಿ ಓನರನ್ನು ನೋಡಿದೆವು. ಅವರು ಆಕಾಶ ನೋಡುತ್ತಿದ್ದರು.

"ಅದು..." ಅಂದರು. "ಪಾರ್ಕಿಂಗಲ್ಲಿ ಕಂಬ ಬಂತು ಸಾರ್."

ವಿಷಯ ಇಷ್ಟು. ಹಿಂದಿನಿಂದ ಯಾರೋ ಬಂದು ತಾಗಿಸಿದ್ದಕ್ಕೆ ಇನ್ಶೂರೆನ್ಸ್ ಕ್ಲೇಮ್ ಆಗಿತ್ತು, ಹಾಗಾಗಿ ದಾಖಲೆಗೆ ಬಂತು. ಕಂಬ ಬಂದದ್ದು ಇವರದ್ದೇ ತಪ್ಪು. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಮ್ಮಿನಲ್ಲಿ ಸಿಗುವ ರಿಯಾಯಿತಿ ಹೋಗುತ್ತದೆ, ಮನೆಯಲ್ಲೂ ಗೊತ್ತಾಗುತ್ತದೆ. ಹಾಗಾಗಿ ಕೈಯಿಂದ ದುಡ್ಡು ಕೊಟ್ಟು ಮಾಡಿಸಿದ್ದರು. ರಿಪೋರ್ಟಿಗೆ ಯಾರಾದರೂ ತಿಳಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬೇರೆಯವರ ತಪ್ಪು ಚರಿತ್ರೆಗೆ ಸೇರಿತು, ಸ್ವಂತದ್ದು ಪುಟ್ಟಿಯ ಕೆಳಗೆ ಹೋಯಿತು. ನನ್ನನ್ನು ಒಂದು ವಾರ ನಿದ್ದೆಗೆಡಿಸಿದ ಆ 'ಮೈನರ್' ಮಾತ್ರ ಇಡೀ ವ್ಯವಹಾರದಲ್ಲಿ ಅತ್ಯಂತ ಪ್ರಾಮಾಣಿಕವಾದ ಪದವಾಗಿತ್ತು.

ಮೆಕ್ಯಾನಿಕ್ ಒಳಗೆ ಟಾರ್ಚ್ ಹಾಕಿ ನೋಡಿ, ರೇಡಿಯೇಟರ್ ಕೂರುವ ಚೌಕಟ್ಟು ನೇರವಾಗಿದೆ, ಮೇಲಿನ ತಗಡಿಗೆ ಮಾತ್ರ ಪೆಟ್ಟು, ತಗೋಬಹುದು ಅಂದ. ಓನರ್ ನಾಚಿಕೆಯಿಂದಲೋ ಏನೋ ರೇಟು ಇಳಿಸಿದರು. ಕೀ ಕೊಡುವಾಗ ಮೆಲ್ಲಗೆ, "ಒಬ್ಬ ಒಳ್ಳೆ ಟಿಂಕರಿಂಗ್‌ನವನು ಇದ್ದಾನೆ ಸಾರ್, ನಂಬರ್ ಕೊಡ್ಲಾ?" ಅಂದರು. ನನಗೆ ಸಿಟ್ಟು ಬಂತು. ನಾನು ಇಪ್ಪತ್ತು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ ಅಂದೆ. ಆದರೂ ದೊಡ್ಡವರು ಅಂತ ಬರೆದುಕೊಂಡೆ.

ಆರನೇ ವಾರ. ಪಾರ್ಕಿಂಗಿನಲ್ಲಿ ನಿಧಾನವಾಗಿ ಬಲಕ್ಕೆ ತಿರುಗಿಸುತ್ತಿದ್ದೆ. ನನ್ನ ಪೂರ್ತಿ ಗಮನ ಹಿಂದಿನ ಎಡಗಡೆ ಇತ್ತು, ಆ ಜಾಗಕ್ಕೆ ಇನ್ನೊಂದು ಪೆಟ್ಟು ಬೀಳಬಾರದು ಅಂತ. ಮುಂದೆ ಬಲಗಡೆಯಿಂದ ಮುದುಕರು ಗಂಟಲು ಸರಿಮಾಡಿಕೊಂಡಂಥ ಒಂದು ಸದ್ದು ಬಂತು. ಇಳಿದು ನೋಡಿದರೆ ಬೆಳ್ಳಿ ಬಣ್ಣ ಎದ್ದು, ಅದರ ಕೆಳಗೆ ತಿಳಿ ಬೂದು ಬಣ್ಣದ ಪುಟ್ಟಿ ಬಿಸ್ಕತ್ತಿನ ಹಾಗೆ ಮುರಿದು ನೆಲದ ಮೇಲೆ ಬಿದ್ದಿತ್ತು.

"ಏನ್ರೀ ಅದು ಸದ್ದು?" ಅಂತ ಹೆಂಡತಿ ಫೋನಿನಲ್ಲಿ ಕೇಳಿದಳು.

"ಏನಿಲ್ಲ, ಸುಮ್ನೆ ತಾಗಿತು" ಅಂದೆ.

ಮಾರನೇ ದಿನ ಆಫೀಸಿಗೆ ಹೋಗುತ್ತೇನೆ ಅಂತ ಹೇಳಿ ಬರೆದುಕೊಂಡಿದ್ದ ನಂಬರಿಗೆ ಫೋನ್ ಮಾಡಿ, ಸೀದಾ ಟಿಂಕರಿಂಗ್ ಶೆಡ್ಡಿಗೆ ಹೋದೆ. ಅವನು ಬೆರಳಿನ ಗಿಣ್ಣಿನಿಂದ ಫೆಂಡರನ್ನು ಎರಡು ಕಡೆ ತಟ್ಟಿ ನೋಡಿದ. "ಬೆಳ್ಳಿ ಬಣ್ಣ ಕಷ್ಟ ಸಾರ್, ಪಕ್ಕದ ಬಾಗಿಲಿಗೂ ಸ್ವಲ್ಪ ಹೊಡೀಬೇಕು, ಇಲ್ಲಾಂದ್ರೆ ಬಿಸಿಲಲ್ಲಿ ತೇಪೆ ಕಾಣುತ್ತೆ. ಕ್ಲೇಮಾ, ಕೈಯಿಂದಾನಾ?"

"ಕೈಯಿಂದಾನೇ" ಅಂದೆ. ಸ್ವಲ್ಪ ಜಾಸ್ತಿಯೇ ಬೇಗ ಅಂದೆ ಅನಿಸುತ್ತದೆ.

"ಏನಾಯ್ತು ಸಾರ್?"

"ಕಂಬ ಬಂತು."

ಅವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ನಂಬರ್ ಪ್ಲೇಟ್ ನೋಡಿ, ಮತ್ತೆ ಆ ಫೆಂಡರಿನ ಹತ್ತಿರವೇ ಬಂದು ನಿಂತ.

"ಹೋದ ಸಲ ಈ ಗಾಡಿ ತಂದಿದ್ದ ಯಜಮಾನ್ರಿಗೂ ಕಂಬಾನೇ ಬಂದಿತ್ತು ಸಾರ್" ಅಂದ.