ಅನುಮೋದಿಸಿದವರು: ನಾನೇ

ಈಗಷ್ಟೇ ಒಂದು ಎಕ್ಸೆಲ್ ಫೈಲ್ ಮುಚ್ಚಿದ್ದೇನೆ. ಕೋಪ ಇನ್ನೂ ಇಳಿದಿಲ್ಲ. ದೊಡ್ಡ ಕಂಪನಿಯೊಂದು ನನ್ನ ಸಾಫ್ಟ್‌ವೇರ್ ತಗೊಳ್ಳೋ ಮನಸ್ಸು ಮಾಡಿದೆ. ಅದಕ್ಕೂ ಮುಂಚೆ ‘ಸಣ್ಣದೊಂದು’ ಸೆಕ್ಯುರಿಟಿ ಪ್ರಶ್ನಾವಳಿ ತುಂಬಿಸಬೇಕಂತೆ. ಹೂಡಿಕೆದಾರರ ಹಂಗಿಲ್ಲದೆ, ಕೈಯಿಂದ ದುಡ್ಡು ಹಾಕಿ ನನ್ನ ಹಾಗೆ ಒಬ್ಬರೇ ಸ್ಟಾರ್ಟಪ್ ನಡೆಸುವವರಿಗೆ ಈ ಫೈಲ್‌ನ ಪರಿಚಯ ಇದ್ದೇ ಇರುತ್ತದೆ. ಸಾಲುಸಾಲು ಟ್ಯಾಬ್. ಪ್ರತಿ ಪ್ರಶ್ನೆಗೂ ಹೌದು, ಇಲ್ಲ, ಅನ್ವಯಿಸುವುದಿಲ್ಲ. ಮೂರನೆಯದನ್ನು ಒತ್ತಿದರೆ ಪಕ್ಕದ ಸೆಲ್ ಕೆಂಪಾಗಿ ‘ಕಾರಣ ಕೊಡಿ’ ಅನ್ನುತ್ತದೆ.

‘ಕೋಡ್ ಬರೆಯುವವರು, ಅದನ್ನು ಅನುಮೋದಿಸುವವರು ಬೇರೆ ಬೇರೆಯೇ?’ ಬೇರೆಯೇ. ಬೆಳಿಗ್ಗೆ ಬರೆಯುವವನು ಉತ್ಸಾಹಿ. ರಾತ್ರಿ ನೋಡುವವನು ಅವನಿಗೆ ಬೈಯುತ್ತಲೇ ಇರುತ್ತಾನೆ.

‘ನೌಕರರ ಹಿನ್ನೆಲೆ ಪರಿಶೀಲಿಸಿದ್ದೀರಾ?’ ಪರಿಶೀಲಿಸಿದ್ದೇನೆ. ಅಷ್ಟಕ್ಕಷ್ಟೇ. ಸಂಬಳ ಕೇಳಲ್ಲ ಅಂತ ಇಟ್ಟುಕೊಂಡಿದ್ದೇನೆ.

‘ಕೆಲಸ ಬಿಟ್ಟವರ ಲಾಗಿನ್ 24 ಗಂಟೆಯೊಳಗೆ ರದ್ದಾಗುತ್ತದೆಯೇ?’ ನಾನೇ ಬಿಟ್ಟರೆ ರದ್ದು ಮಾಡೋರು ಯಾರು ಸ್ವಾಮಿ?

‘ವಿಪತ್ತು ನಿರ್ವಹಣಾ ತಂಡದ ಮುಖ್ಯಸ್ಥರು?’ ನನ್ನ ಹೆಸರು. ‘ಅವರು ಸಿಗದಿದ್ದರೆ?’ ಅದೇ ವಿಪತ್ತು.

ಇದೆಲ್ಲ ಮನಸ್ಸಿನಲ್ಲೇ ಅಂದುಕೊಂಡಿದ್ದು. ಕೆಂಪು ಸೆಲ್‌ಗಳಲ್ಲಿ ಮರ್ಯಾದೆಯಾಗಿ ‘ಕಂಪನಿಯಲ್ಲಿರುವುದು ಒಬ್ಬರೇ’ ಅಂತ ತುಂಬಿಸಿ ಕಳಿಸಿದೆ. ಉತ್ತರ ತಕ್ಷಣ ಬಂತು: ‘ದಯವಿಟ್ಟು ಈ ಫೈಲನ್ನು ನಿಮ್ಮ ಕಂಪ್ಲಯನ್ಸ್ (ನಿಯಮಪಾಲನೆ) ಟೀಮ್‌ಗೆ ಕೊಟ್ಟು ತುಂಬಿಸಿ.’ ಕೊಟ್ಟೆ. ಟೀಮ್ ಸ್ವಲ್ಪ ಹೊತ್ತು ಗೋಡೆ ನೋಡಿ, ಅದನ್ನೇ ವಾಪಸ್ ಕಳಿಸಿತು.

ಜೊತೆಗೆ ಐಎಸ್‌ಒ 27001, ಅಂದರೆ ಮಾಹಿತಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡದ ಸರ್ಟಿಫಿಕೇಟ್ ಇದೆಯಾ ಅಂತಲೂ ಕೇಳಿದ್ದಾರೆ. ಅದರ 2013ರ ಆವೃತ್ತಿಯ ಪಟ್ಟಿಯಲ್ಲಿ 114 ಸುರಕ್ಷತಾ ನಿಯಂತ್ರಣಗಳಿದ್ದವು, 2022ರಲ್ಲಿ 93ಕ್ಕೆ ಇಳಿಸಿದ್ದಾರೆ. ಪುಣ್ಯಾತ್ಮರು, ಕಡಿಮೆ ಮಾಡಿದರಲ್ಲ ಅಂತ ಖುಷಿಪಟ್ಟೆ. ನೋಡಿದರೆ ಹಳೆಯವನ್ನು ಒಂದಕ್ಕೊಂದು ಸೇರಿಸಿದ್ದೇ ಜಾಸ್ತಿ.

ಗೋಳು ಹೇಳಿಕೊಂಡರೆ ಸ್ನೇಹಿತರು ಇಮೇಲ್ ಮಾರ್ಕೆಟಿಂಗ್ ಕಂಪನಿ ಮೇಲ್‌ಚಿಂಪ್‌ನ ಕಥೆ ತೆಗೀತಾರೆ. ಹೊರಗಿನ ಬಂಡವಾಳವೇ ಇಲ್ಲದೆ ಬೆಳೆದು, 2021ರಲ್ಲಿ ಸುಮಾರು 1,200 ಕೋಟಿ ಡಾಲರ್‌ಗೆ ಮಾರಾಟವಾಯಿತಂತೆ. ನಿಜ. ಅದು ಶುರುವಾಗಿದ್ದು 2001ರಲ್ಲಿ, ಮೊದಲ ಕೆಲವು ವರ್ಷ ಅದು ಅದರ ಸ್ಥಾಪಕರಿಗೂ ಬಿಡುವಿನ ಕೆಲಸ ಅನ್ನೋದನ್ನು ಮಾತ್ರ ಯಾರೂ ಹೇಳಲ್ಲ.

ಕೋಡ್ ಬರೆಯೋದು ಇಷ್ಟ ಅಂತ ತಾನೇ ಇದಕ್ಕೆ ಇಳಿದಿದ್ದು? ಆಗ ಮಧ್ಯರಾತ್ರಿ ಒಂದು ಟೆಸ್ಟ್ ಪಾಸಾದರೆ ಸಾಕಿತ್ತು, ನಿದ್ದೆಯೇ ಬರುತ್ತಿರಲಿಲ್ಲ. ಈಗ ಹಗಲೆಲ್ಲ ಇನ್‌ವಾಯ್ಸ್, ತೆರಿಗೆ, ಸಪೋರ್ಟ್ ಮೇಲ್. ಕೋಡ್ ಬರೆಯುವ ಎಡಿಟರ್ ತೆರೆದರೆ ಮೊದಲು ಅಪ್‌ಡೇಟ್ ಕೇಳುತ್ತದೆ, ಅಷ್ಟು ಅಪರೂಪ.

ಇರಲಿ. ಕೊನೆಗೂ ಫೈಲ್ ಪಾಸಾಯಿತು. ಬೆನ್ನಿಗೇ ಖರೀದಿ ವಿಭಾಗದ ಮೇಲ್: ಇನ್‌ವಾಯ್ಸ್ ತಲುಪಿದ 60 ದಿನಕ್ಕೆ ಪೇಮೆಂಟ್, ಬೇರೆ ಏನಾದ್ರೂ ಇದ್ದರೆ ನಿಮ್ಮ ಫೈನಾನ್ಸ್ ಮುಖ್ಯಸ್ಥರು ಮಾತಾಡಲಿ. ಅವರಂತೂ ಸರ್ವರ್ ಬಿಲ್ ನೋಡಿದಾಗಿನಿಂದ ಯಾರ ಜೊತೆಗೂ ಮಾತಾಡ್ತಿಲ್ಲ.