ಮೇಲೊಂದು ಮಹಡಿ

ಮನೆ ಕಟ್ಟುವವರ ತಲೆಗೆ ಬರಬಾರದ ಯೋಚನೆಯೊಂದಿದೆ: ‘ಹೇಗೂ ಇಷ್ಟು ಕಟ್ಟಿಯಾಯಿತು, ಮೇಲೊಂದು ಎಬ್ಬಿಸಿಬಿಡೋಣ.’ ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ ಮೋರ್ಟನ್ ಎಂಬ ಜಮೀನುದಾರ ಕುಟುಂಬಕ್ಕೆ ಈ ಯೋಚನೆ ಬಂತು. ಅದರ ಫಲ ಚೆಷೈರ್ ಸೀಮೆಯ ಕಾಂಗಲ್ಟನ್ ಪಟ್ಟಣದ ಹತ್ತಿರ ಇವತ್ತಿಗೂ ಸೊಂಟ ಸೊಟ್ಟ ಮಾಡಿಕೊಂಡು ನಿಂತಿದೆ. ಹೆಸರು ಲಿಟ್ಲ್ ಮೋರ್ಟನ್ ಹಾಲ್.

ಸುತ್ತ ಹತ್ತು ಮೀಟರ್ ಅಗಲದ ಕಂದಕ. ಅದರ ನಡುವೆ ಬಿಳಿ ಗೋಡೆ, ಗೋಡೆಯ ತುಂಬ ಕಪ್ಪು ಮರದ ಪಟ್ಟಿಗಳು. ಕೆಲವು ಉದ್ದಕ್ಕೆ, ಕೆಲವು ಓರೆಗೆ, ಕೆಲವು ನಾಲ್ಕೆಸಳಿನ ಹೂವಿನ ಆಕಾರಕ್ಕೆ ಕೆತ್ತಿ ಕೂರಿಸಿದವು. ನೆಟ್ಟಗಿರುವ ಗೆರೆ ಮಾತ್ರ ಒಂದೂ ಸಿಗುವುದಿಲ್ಲ. ರಸಮಟ್ಟ ಹಿಡಿದು ಹೊರಟ ಮೇಸ್ತ್ರಿ ಅರ್ಧ ಗಂಟೆಯಲ್ಲಿ ಸನ್ಯಾಸ ತೆಗೆದುಕೊಂಡಾನು. ಕಂದಕವನ್ನು ನೋಡಿ ಕವಿತೆ ಬರೆಯಬೇಕೆನ್ನಿಸಿದವರಿಗೆ ಒಂದು ಮಾತು: ಮನೆಯ ಶೌಚಗಳೆಲ್ಲ ನೇರವಾಗಿ ಅದರೊಳಕ್ಕೇ ಬೀಳುತ್ತಿದ್ದವು.

ಮನೆಯ ಅತ್ಯಂತ ಹಳೆಯ ಭಾಗ, ಅಂದರೆ ದೊಡ್ಡ ಹಜಾರ, 1504ರಿಂದ 1508ರ ಸುಮಾರಿಗೆ ಎದ್ದಿತು. ಆಮೇಲೆ ಮೂರು ತಲೆಮಾರು, ಕೈಯಲ್ಲಿ ಕಾಸು ಬಂದಾಗಲೆಲ್ಲ ಒಂದೊಂದು ಕೋಣೆ ಸೇರಿಸುತ್ತ, ಸುಮಾರು 1610ರವರೆಗೆ ಕಟ್ಟುತ್ತಲೇ ಹೋದರು. ಇಂಥ ಮನೆಗಳಲ್ಲಿ ಭಾರ ಹೊರುವುದು ಗೋಡೆಯಲ್ಲ, ಓಕ್ ಮರದ ಚೌಕಟ್ಟು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಆದ್ದರಿಂದ ಬಡಗಿಗಳು ಹಸಿ ಮರವನ್ನೇ ಕೆತ್ತುತ್ತಿದ್ದರು. ಒಂದು ತೊಲೆಯ ತುದಿಯನ್ನು ಸಣ್ಣಗೆ ಮಾಡಿ ಇನ್ನೊಂದರ ತೂತಿಗೆ ತೂರಿಸಿ, ಅಡ್ಡಲಾಗಿ ಓಕಿನದೇ ಗೂಟ ಜಡಿಯುವುದು. ಮರ ಒಣಗುತ್ತ ಬಂದಂತೆ ಕೀಲು ತಾನಾಗಿ ಬಿಗಿಯಾಗುತ್ತದೆ. ಮರ ತಿರುಚಿಕೊಳ್ಳುವುದೂ ಆಗಲೇ. ಈ ಮನೆಗಳ ವಕ್ರತೆಯಲ್ಲಿ ಒಂದಷ್ಟು ಪಾಲು ಹೀಗೆ ಹುಟ್ಟಿನಿಂದಲೇ ಬಂದದ್ದು. ಇಡೀ ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಹರಡಿ ಜೋಡಿಸಿ, ಕೀಲು ಕೀಲಿಗೂ ಉಳಿಯಿಂದ ಅಂಕಿ ಗೀಚಿ, ಬಿಚ್ಚಿ, ಗಾಡಿಗೆ ಹೇರಿ, ಮನೆಯ ಜಾಗದಲ್ಲಿ ಮತ್ತೆ ನಿಲ್ಲಿಸುತ್ತಿದ್ದರು. ಮರದ ನಡುವಿನ ಖಾಲಿಗೆ ಕಡ್ಡಿಯ ತಟ್ಟಿ, ಅದರ ಮೇಲೆ ಜೇಡಿಮಣ್ಣು, ಹುಲ್ಲು, ಸಗಣಿ. ಸಗಣಿ ಎಂದಾಗ ಮೂಗು ಮುರಿಯುವವರು ಮುರಿಯಲಿ, ಕನ್ನಡಿಗರಿಗೆ ಇದರಲ್ಲಿ ಬೆರಗಾಗುವಂಥದ್ದೇನೂ ಇಲ್ಲ.

ಇನ್ನು ಆ ಕಪ್ಪು-ಬಿಳುಪು. ಹಳೆಯ ಇಂಗ್ಲೆಂಡ್ ಎಂದರೆ ಇದೇ ಎಂದು ಬಿಸ್ಕತ್ತಿನ ಡಬ್ಬಿಗಳು ನಮ್ಮನ್ನು ನಂಬಿಸಿಬಿಟ್ಟಿವೆ. ಓಕನ್ನು ಅದರ ಪಾಡಿಗೆ ಬಿಟ್ಟರೆ ಬಿಸಿಲು ಮಳೆಗೆ ಬೂದು-ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಹೀಗೆ ಕಪ್ಪು ಬಳಿಯುವ ಗೀಳು ಬಹುಮಟ್ಟಿಗೆ ವಿಕ್ಟೋರಿಯಾ ರಾಣಿಯ ಕಾಲದ್ದು.

ನನಗೆ ಈ ಮನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಒಳಾಂಗಣದ ಎರಡು ಕಿಟಕಿ. ಕಿಟಕಿ ಎಂದರೆ ಸಾಲದು. ಗೋಡೆಯಿಂದ ಮುಂದಕ್ಕೆ ಚಾಚಿದ, ಹಲವು ಮುಖಗಳ, ಎರಡು ಅಂತಸ್ತಿನ ಗಾಜಿನ ಗೂಡುಗಳು. ಎರಡನ್ನೂ ಎಷ್ಟು ಹತ್ತಿರ ಕಟ್ಟಿದ್ದಾರೆಂದರೆ ಮೇಲೆ ಅವುಗಳ ಮಾಡುಗಳು ಹಣೆಗೆ ಹಣೆ ತಾಕಿಸುವಂತಿವೆ. ಅಲ್ಲಿನ ಮರದ ಮೇಲೆ ಎರಡು ಬರಹಗಳಿವೆ. ಒಂದರ ಪ್ರಕಾರ ಕಿಟಕಿಗಳನ್ನು ಮಾಡಿದವನು ವಿಲಿಯಂ ಮೋರ್ಟನ್, ಇಸವಿ 1559. ಇನ್ನೊಂದರ ಪ್ರಕಾರ ದೇವರ ಕೃಪೆಯಿಂದ ಅವನ್ನು ಮಾಡಿದವನು ರಿಚರ್ಡ್ ಡೇಲ್ ಎಂಬ ಬಡಗಿ. ದುಡ್ಡು ಕೊಟ್ಟವನೂ ಮಾಡಿದೆ ಎನ್ನುತ್ತಾನೆ, ಉಳಿ ಹಿಡಿದವನೂ ಮಾಡಿದೆ ಎನ್ನುತ್ತಾನೆ. ಯಜಮಾನನ ಹೆಸರಿನ ಪಕ್ಕದಲ್ಲೇ ತನ್ನದನ್ನೂ ಕೆತ್ತಿಟ್ಟ ಆ ಬಡಗಿಯ ಮೇಲೆ ನನಗೆ ಬಹಳ ಗೌರವ. ಹಾಗೆ ಕೆತ್ತಲು ಬಿಟ್ಟ ಯಜಮಾನನ ಮೇಲೂ ಸ್ವಲ್ಪ.

ಅನಾಹುತ ಆದದ್ದು ಆಮೇಲೆ. ಉದ್ದನೆಯ ಪಡಸಾಲೆ ಇಟ್ಟುಕೊಳ್ಳುವುದು ಆಗ ಸಿರಿವಂತರಲ್ಲಿ ಹೊಸ ಶೋಕಿ. ಮಳೆ ಸುರಿಯುವಾಗ ಅಡ್ಡಾಡಲು, ಆಟವಾಡಲು. ಮೋರ್ಟನ್ನರಿಗೂ ಬೇಕೆನ್ನಿಸಿತು. ದಕ್ಷಿಣದ ಸಾಲಿನ ಎರಡು ಅಂತಸ್ತಿನ ನೆತ್ತಿಯ ಮೇಲೆ ಸುಮಾರು 21 ಮೀಟರ್ ಉದ್ದದ ಪಡಸಾಲೆಯನ್ನು ಏರಿಸಿ, ಅದರ ಮೇಲೆ ಕಲ್ಲಿನ ಚಪ್ಪಡಿಗಳ ಮಾಡು ಹೊದಿಸಿದರು. ಹುಲ್ಲಲ್ಲ, ಹೆಂಚಲ್ಲ, ಚಪ್ಪಡಿ! ಕೆಳಗಿನ ತೊಲೆಗಳು ಬಳುಕಿದವು, ಗೋಡೆಗಳು ಉಬ್ಬಿದವು. ಪಡಸಾಲೆಯೇ ಎರಡು ಕಡೆಗೆ ಬಾಯಿ ಬಿಟ್ಟೀತೆಂದು ಮುಂದಿನ ಶತಮಾನದಲ್ಲಿ ಅಡ್ಡತೊಲೆಗಳನ್ನು ಕೊಟ್ಟಂತೆ ಕಾಣುತ್ತದೆ. ಆದರೂ ಆಟ ನಿಲ್ಲಲಿಲ್ಲ. ಹದಿನೇಳನೆಯ ಶತಮಾನದ ಮೊದಲ ಭಾಗದ ನಾಲ್ಕು ಟೆನ್ನಿಸ್ ಚೆಂಡುಗಳು ಗೋಡೆಯ ಮರದ ಹಲಗೆಯ ಹಿಂದೆ ಸಿಕ್ಕಿವೆ. ಕಳೆದುಕೊಂಡ ಮಕ್ಕಳು ಯಾರ ಮೇಲೆ ದೂರು ಹೇಳಿದರೋ.

ಅದೇ ಪಡಸಾಲೆಯ ಎರಡು ತುದಿಗಳಲ್ಲಿ ಗಾರೆಯ ಉಬ್ಬುಚಿತ್ರಗಳಿವೆ. ಒಂದು ಕಡೆ ವಿಧಿ, ಅದನ್ನು ಆಳುವುದು ಜ್ಞಾನ. ಇನ್ನೊಂದು ಕಡೆ ಅದೃಷ್ಟದ ಚಕ್ರ, ಅದನ್ನು ಆಳುವುದು ಅಜ್ಞಾನ. ಗಣಿತದ ಸಮ ಚಿಹ್ನೆಯನ್ನು ಕೊಟ್ಟ ರಾಬರ್ಟ್ ರೆಕಾರ್ಡ್ 1556ರಲ್ಲಿ ಹೊರತಂದ ಖಗೋಳದ ಪುಸ್ತಕದಿಂದ ಎತ್ತಿಕೊಂಡ ಚಿತ್ರ ಇದು. ಜ್ಞಾನದ ಮಹಿಮೆಯನ್ನು ಗೋಡೆಗೆ ಮೆತ್ತಿದವರಿಗೆ ತಮ್ಮ ಕಾಲ ಕೆಳಗಿನ ತೊಲೆ ಎಷ್ಟು ಹೊರಬಲ್ಲದು ಎಂಬ ಲೆಕ್ಕ ಮಾತ್ರ ಹೊಳೆಯಲಿಲ್ಲ.

ಚಕ್ರ ತಿರುಗಿತು. 1640ರ ದಶಕದ ಅಂತರ್ಯುದ್ಧದಲ್ಲಿ ಕುಟುಂಬ ಅರಸನ ಪಕ್ಷ ಹಿಡಿಯಿತು. ಸಂಸತ್ತಿನ ಸೈನಿಕರು ಮನೆಯಲ್ಲೇ ಬಿಡಾರ ಹೂಡಿದರು. ಸಾಲ ಏರಿತು, ಯಜಮಾನರು ಹೊರಟುಹೋದರು, ಮನೆ ಗೇಣಿ ರೈತರ ಕೈಗೆ ಬಂತು. ಹತ್ತೊಂಬತ್ತನೆಯ ಶತಮಾನದ ನಡುವಿನ ಹೊತ್ತಿಗೆ ಪ್ರಾರ್ಥನಾಮಂದಿರದಲ್ಲಿ ಕಲ್ಲಿದ್ದಲು ತುಂಬಿಡುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಮನೆ ಉಳಿದದ್ದೇ ಈ ಬಡತನದಿಂದ. ದುಡ್ಡಿದ್ದಿದ್ದರೆ ಯಾರೋ ಒಬ್ಬ ವಾರಸುದಾರ ಕೆಡವಿ, ಅಚ್ಚುಕಟ್ಟಾದ ಇಟ್ಟಿಗೆಯ ಬಂಗಲೆ ಕಟ್ಟಿಸಿಯೇ ತೀರುತ್ತಿದ್ದ. 1892ರಲ್ಲಿ ಆಸ್ತಿ ಎಲಿಜಬೆತ್ ಮೋರ್ಟನ್ ಎಂಬ ಕ್ರೈಸ್ತ ಸನ್ಯಾಸಿನಿಗೆ ಬಂತು. ಆಕೆ ಪ್ರಾರ್ಥನಾಮಂದಿರವನ್ನು ಮತ್ತೆ ಸಜ್ಜುಗೊಳಿಸಿ, ಎಂದಿಗೂ ಮಾರಕೂಡದೆಂಬ ಷರತ್ತಿನೊಂದಿಗೆ ಬಂಧುವಾದ ಬಿಷಪ್ ಒಬ್ಬರಿಗೆ ಬಿಟ್ಟುಹೋದರು. ಬಿಷಪ್ಪರು 1938ರಲ್ಲಿ ಅದನ್ನು, ಹಳೆಯ ಕಟ್ಟಡಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಿದರು.

ಅಷ್ಟೂ ಕಾಲ ಮನೆಯಲ್ಲಿ ಒಲೆ ಹಚ್ಚುತ್ತಿದ್ದವರು 1841ರಲ್ಲಿ ಗೇಣಿಗೆ ಬಂದ ರೈತ ಕುಟುಂಬದವರು. ನೂರು ವರ್ಷ ದಾಟಿದ ಮೇಲೂ ಅವರು ಅಲ್ಲೇ ಇದ್ದರು. ಅವರ ಮನೆತನದ ಹೆಸರೂ ಡೇಲ್. ಕಾಕತಾಳೀಯವೇ ಇದ್ದೀತು. ನಾನಂತೂ ಆ ಬಡಗಿಯ ಕೂಲಿ ಬಾಕಿ ಚುಕ್ತಾ ಆಯಿತೆಂದೇ ಲೆಕ್ಕ ಬರೆದುಕೊಂಡಿದ್ದೇನೆ.